ಮರುದಿನದ ‘ನೆಗೆಟಿವ್’ ವರದಿಯನ್ನು ನಂಬಬಹುದೇ?

ಪ್ರಶ್ನೆ: ಮೊನ್ನೆ ರಾತ್ರಿ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕವಾಯಿತು. ಮರುದಿನವೇ ಎಚ್‌ಐವಿ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂದಿದೆ. ಇನ್ನು ಚಿಂತೆಯಿಲ್ಲ ತಾನೇ?
– ಓದುಗರು, ದಾವಣಗೆರೆ

ಉತ್ತರ: ಹರಿಹರದಿಂದಲೋ ಹಿರಿಯೂರಿನಿಂದಲೋ, ಪ್ರಶ್ನೆ ಮಾತ್ರ ಇದೇ. ಮತ್ತೊಮ್ಮೆ ಬರೆಯುತ್ತಿದ್ದೇನೆ, ದಯವಿಟ್ಟು ಉಳಿಸಿಟ್ಟುಕೊಳ್ಳಿ.

ಮೊದಲು ಆ ವರದಿಯನ್ನು ಬದಿಗಿಟ್ಟು ಗಡಿಯಾರ ನೋಡಿ. ಸಂಪರ್ಕವಾಗಿ 72 ಗಂಟೆ ದಾಟಿಲ್ಲವೆಂದರೆ ಸೋಂಕು ತಡೆಯುವ ‘ಪೆಪ್’ ಮಾತ್ರೆ ಶುರುಮಾಡಲು ಇನ್ನೂ ಅವಕಾಶವಿದೆ. ಬೇಗ ಶುರುವಾದಷ್ಟೂ ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು. ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಅದು ಮುಚ್ಚಿದ್ದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ, ಔಷಧಿ ಅಂಗಡಿಯ ಹುಡುಗನಲ್ಲ.

ಇನ್ನು ಆ ವರದಿ. ‘ನಾನ್ ರಿಯಾಕ್ಟಿವ್’ ಎಂದು ಮುದ್ರಿಸಿರುವುದು ಸುಳ್ಳಲ್ಲ. ಆದರೆ ಅದು ಮೊನ್ನೆ ರಾತ್ರಿಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಕೆಲವು ತಿಂಗಳ ಹಿಂದಿನವರೆಗಿನ ನಿಮ್ಮ ಚರಿತ್ರೆಯನ್ನು ಹೇಳುತ್ತದೆ, ಅಷ್ಟೇ. ಬೆರಳು ಚುಚ್ಚಿ ಪುಟ್ಟ ಪಟ್ಟಿಯ ಮೇಲೆ ಹನಿ ರಕ್ತ ಬಿಡುತ್ತಾರಲ್ಲ, ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಸಿಕ್ಕರೆ ಎರಡನೆಯ ಗೆರೆ ಮೂಡುತ್ತದೆ. ಅಷ್ಟು ಪ್ರತಿಕಾಯ ತಯಾರಾಗಲು ವಾರಗಳೇ ಬೇಕು. ಮೆಕ್ಕೆಜೋಳ ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ‘ಏನೂ ಹುಟ್ಟಿಲ್ಲ’ ಎನ್ನುವ ರೈತನನ್ನು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಕಂಡಿದ್ದೀರಾ?

‘ನಾನು ದುಬಾರಿ ಪರೀಕ್ಷೆಯನ್ನೇ ಮಾಡಿಸಿದ್ದೇನೆ’ ಎಂಬ ವಾದವೂ ಬರುತ್ತದೆ. ವೈರಸ್ಸನ್ನೇ ನೇರವಾಗಿ ಹುಡುಕುವ ನ್ಯಾಟ್ ಪರೀಕ್ಷೆಗೂ ಕನಿಷ್ಠ ಹತ್ತು ದಿನವಾದರೂ ಬೇಕು. ‘ಮೂರು ಲ್ಯಾಬ್‌ಗಳಲ್ಲೂ ನೆಗೆಟಿವ್’ ಎನ್ನುವವರಿಗೆ ಏನು ಹೇಳಲಿ? ಒಂದೇ ವಾರದಲ್ಲಿ ಮೂರು ಕಡೆ ದುಡ್ಡು ಸುರಿದರೆ ದೇಹ ಅವಸರ ಮಾಡುವುದಿಲ್ಲ. ಪ್ರತಿಕಾಯದ ಜೊತೆಗೆ ವೈರಸ್ಸಿನದೇ ಭಾಗವಾದ ಪಿ24 ಪ್ರತಿಜನಕವನ್ನೂ ಹುಡುಕುವ ಲ್ಯಾಬ್ ಪರೀಕ್ಷೆ 45 ದಿನಕ್ಕೆ, ಬೆರಳು ಚುಚ್ಚುವ ಪರೀಕ್ಷೆ 90 ದಿನಕ್ಕೆ ಭರವಸೆಯ ಉತ್ತರ ಕೊಡುತ್ತವೆ. ಪೆಪ್ ತೆಗೆದುಕೊಂಡವರ ಲೆಕ್ಕ ಬೇರೆ, ಅದನ್ನು ವೈದ್ಯರಿಂದಲೇ ಕೇಳಿ. ಅಲ್ಲಿಯವರೆಗೆ ಹೆಂಡತಿಯೊಂದಿಗೂ ಕಾಂಡೋಮ್ ಬೇಕು. ಜ್ವರ ಬಂತೇ, ಗುಳ್ಳೆ ಎದ್ದಿತೇ ಎಂದು ಮೈ ತಡವಿಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ. 2017ರ ಎಚ್‌ಐವಿ ಕಾಯ್ದೆಯೇ ಅದನ್ನು ವಿಧಿಸಿದೆ. ಪರಿಚಯದವರು ಕಂಡಾರು ಎಂಬ ಅಳುಕಿದ್ದರೆ ದಾವಣಗೆರೆಯವರು ಚಿತ್ರದುರ್ಗದ ಬಸ್ ಹತ್ತಬಹುದು, ದುರ್ಗದವರು ಇತ್ತ ಬರಬಹುದು. ಮೊದಲು ಮಾತಾಡಿ ನೋಡಬೇಕೆಂದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಹಣ ಖರ್ಚಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ರಕ್ತದಾನ ಶಿಬಿರಕ್ಕೆ ಹೋದರೆ ಪುಕ್ಕಟೆ ಪರೀಕ್ಷೆಯೂ ಆಯಿತು, ಪುಣ್ಯವೂ ಬಂತು’ ಎಂದು ಲೆಕ್ಕ ಹಾಕುವ ಜಾಣರಿದ್ದಾರೆ. ದಾನದ ರಕ್ತವನ್ನು ಎಚ್‌ಐವಿಗೆ ಪರೀಕ್ಷಿಸುವುದು ನಿಜ. ಆದರೆ ನಿಮ್ಮನ್ನು ಏಮಾರಿಸಿದ ಅದೇ ಆರಂಭದ ಅವಧಿ ಆ ಪರೀಕ್ಷೆಯನ್ನೂ ಏಮಾರಿಸಬಲ್ಲದು. ಆಗ ಆ ಬಾಟಲಿ ಹೆರಿಗೆ ವಾರ್ಡಿನ ಯಾರಿಗೋ ಏರುತ್ತದೆ. ಶಿಬಿರದ ಅರ್ಜಿಯಲ್ಲಿ ಇಂಥ ಸಂಪರ್ಕದ ಬಗ್ಗೆ ಕೇಳುವುದು ಅದಕ್ಕಾಗಿಯೇ. ಅಲ್ಲಿ ‘ಇಲ್ಲ’ ಎಂದು ಗೀಚಿ ರಕ್ತ ಕೊಡಲು ಮಲಗಬೇಡಿ.