ಪರೋಕ್ಷ ರಫ್ತು ಅಂದ್ರೇನು?

ರಫ್ತು ಅಂದ ಕೂಡ್ಲೆ ಶಿರಸಿ, ಸಿದ್ದಾಪುರ ಕಡೆ ಸಣ್ಣ ಯೂನಿಟ್ ನಡೆಸೋರು ಅಯ್ಯೋ ಅದೆಲ್ಲ ದೊಡ್ಡೋರ ಕೆಲಸ ಮಾರಾಯ್ರೆ ಅಂತ ಕೈ ಬಿಟ್ಬಿಡ್ತಾರೆ, ಆದ್ರೆ ಅವರು ಒಣಗಿಸಿ ಹಸನು ಮಾಡಿದ ಕಾಳುಮೆಣಸನ್ನ ಕೊಚ್ಚಿಯ ರಫ್ತುದಾರರು ತಗೊಂಡು ಹಡಗಿಗೆ ಹಾಕಿದ್ರೆ ಅದೂ ರಫ್ತೇ. ಮಾಲು ನಿಮ್ದು, ಹೊರದೇಶದ ಗಿರಾಕಿ ಮತ್ತೆ ಕಸ್ಟಮ್ಸ್ ಕಾಗದಪತ್ರ ಅವರದ್ದು. ಇದಕ್ಕೇ ಪರೋಕ್ಷ ರಫ್ತು ಅನ್ನೋದು, ಮಧ್ಯ ನಿಂತೋರು ಮರ್ಚೆಂಟ್ ಎಕ್ಸ್‌ಪೋರ್ಟರ್.

ನೇರ ರಫ್ತಾದ್ರೆ ಎಲ್ಲ ನಿಮ್ಮ ತಲೆ ಮೇಲೆ. ಐಇಸಿ, ಅಂದ್ರೆ ಆಮದು-ರಫ್ತು ಮಾಡೋಕೆ ಬೇಕಾದ ಸರ್ಕಾರಿ ನಂಬರ್, ಮಾಡಿಸೋದೇನೋ ಸುಲಭ, 500 ರೂಪಾಯಿ ಫೀಸು, ಪ್ಯಾನ್ ನಂಬರೇ ಐಇಸಿ ನಂಬರ್ ಆಗುತ್ತೆ, ಮಸಾಲೆ ಪದಾರ್ಥ ಆದ್ರೆ ಸ್ಪೈಸಸ್ ಬೋರ್ಡಲ್ಲೂ ರಿಜಿಸ್ಟರ್ ಆಗ್ಬೇಕು. ನಂಬೋಕಾಗೋ ಗಿರಾಕಿ ಹುಡುಕೋದು, ಮಾಲು ಕಳಿಸಿ ದುಡ್ಡು ಬರೋತನಕ ತಡ್ಕೊಳ್ಳೋದು, ಇದೇ ಕಷ್ಟ. ಹಾಗಾಗಿ ಮೊದ್ಲು ಪರೋಕ್ಷವಾಗಿ ಶುರು ಮಾಡೋದೇ ಒಳ್ಳೇದು ಅಂತ ನನಗೆ ಅನ್ಸುತ್ತೆ.

ಅಲ್ಲೇ ಕಲಿಯೋದು ಬೇಕಾದಷ್ಟಿದೆ. ಈ ವ್ಯಾಪಾರದಲ್ಲಿ ಲೀಟರ್ ತೂಕ ಅಂತ ಕೇಳ್ತಾರೆ, ಒಂದು ಲೀಟರ್ ಅಳತೆಗೆ ಕಾಳು ತುಂಬಿ, ಬಾಯಿ ಮೇಲೆ ಪಟ್ಟಿ ಎಳೆದು ಸಮ ಮಾಡಿ ತೂಗೋದು, 550 ಗ್ರಾಂ ಬಂದ್ರೆ ಕಾಳು ಗಟ್ಟಿ, ತೀರಾ ಕಡಿಮೆ ಬಂದ್ರೆ ಜೊಳ್ಳು ಜಾಸ್ತಿ ಇದೆ ಅಂತ ಲೆಕ್ಕ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರೇ ಮೆಣಸಿನ ರಾಣಿ ಅಂತ ಕರೆದ ಸೀಮೆ ಇದು, ನಮ್ಮ ಕಾಳು ಆಗ್ಲೇ ಸಮುದ್ರ ದಾಟಿದೆ.

ಈಗ ತುಂಬ ಜನ ಗಮನ ಕೊಡದೆ ಇರೋ ವಿಷಯ. ನಿಮಗೆ ಜಿಎಸ್‌ಟಿ ನಂಬರ್ ಇದ್ರೆ ಮರ್ಚೆಂಟ್ ಎಕ್ಸ್‌ಪೋರ್ಟರಿಗೆ ಬರೀ ಶೇ 0.1 ತೆರಿಗೆ ಹಾಕಿ ಬಿಲ್ ಮಾಡ್ಬಹುದು, 2017ರಿಂದ ಈ ಅವಕಾಶ ಇದೆ. ಆದ್ರೆ ನಿಮ್ಮ ಬಿಲ್ ತಾರೀಕಿಂದ 90 ದಿನದೊಳಗೆ ಮಾಲು ದೇಶ ಬಿಟ್ಟಿರ್ಬೇಕು, ಅವರ ಶಿಪ್ಪಿಂಗ್ ಬಿಲ್ಲಲ್ಲಿ, ಅಂದ್ರೆ ರಫ್ತಿಗೆ ಅವರು ಕಸ್ಟಮ್ಸಿಗೆ ಕೊಡೋ ಕಾಗದದಲ್ಲಿ, ನಿಮ್ಮ ಜಿಎಸ್‌ಟಿ ನಂಬರು, ಬಿಲ್ ನಂಬರು ಇರ್ಬೇಕು, ಅದರ ಕಾಪಿನ ಅವರು ನಿಮಗೆ ಕೊಡ್ಲೇಬೇಕು. ದಯವಿಟ್ಟು ಅದನ್ನ ಕೇಳಿ ಇಸ್ಕೊಳ್ಳಿ, ಸಂಕೋಚ ಮಾಡ್ಕೋಬೇಡಿ, ಯಾಕಂದ್ರೆ ಮಾಲು ಯಾವ ದೇಶದ ಯಾವ ಬಂದರಿಗೆ ಹೋಯ್ತು ಅಂತ ಅದ್ರಲ್ಲೇ ಬರೆದಿರುತ್ತೆ. ಒಂದೆರಡು ವರ್ಷದ ಕಾಪಿಗಳಲ್ಲಿ ಒಂದೇ ದೇಶದ ಹೆಸರು ಮತ್ತೆ ಮತ್ತೆ ಕಂಡ್ರೆ ನಿಮ್ಮ ಕಾಳು ಅಲ್ಲಿ ಓಡ್ತಾ ಇದೆ ಅಂತಾಯ್ತು, ಆಗ ಐಇಸಿ ಮಾಡಿಸಿ ಅಲ್ಲಿಗೆ ಅರ್ಧ ಕೆಜಿ ಸ್ಯಾಂಪಲ್ ನಿಮ್ಮ ಹೆಸರಲ್ಲೇ ಕಳಿಸಿ ನೋಡಿ.