ಮನೆಯೊಳಗಿನ ಬೆಕ್ಕಿಗೆ ಗಾಯ ಎಲ್ಲಿಂದ?

ಕಳೆದ ಆಷಾಢದ ಒಂದು ಬೆಳಿಗ್ಗೆ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಬೆಕ್ಕನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೆಯ ಟವೆಲ್ ಬಿಗಿದುಕೊಂಡು ಮೈಸೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದರು. ಬೆಕ್ಕಿನ ಹೆಸರು ಚಿನ್ನಿ, ವಯಸ್ಸು 14. ಮೂರು ದಿನದಿಂದ ಮುಂಗಾಲು ಎತ್ತಿಕೊಂಡು ಓಡಾಡುತ್ತಿದೆ ಎಂದರು. ಟವೆಲ್ ಬಿಚ್ಚುತ್ತಲೇ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು, ಅದರ ಅಡಿಯಲ್ಲೇ ಕೀವಿನ ವಾಸನೆ. ಬಲ ಮುಂಗಾಲು ಮಣಿಕಟ್ಟಿನವರೆಗೆ ಹಳದಿಯಾಗಿತ್ತು. ಗಲ್ಲ, ಮೀಸೆಯ ಬುಡ, ನಾಲಿಗೆಯ ತುದಿ ಕೂಡ ಹಳದಿ.

"ಇದು ಹೊಸ್ತಿಲು ದಾಟುವ ಬೆಕ್ಕಲ್ಲ ಡಾಕ್ಟರೇ. ಮನೆಯೊಳಗೇ ಇರುವುದಕ್ಕೆ ಗಾಯ ಎಲ್ಲಿಂದ ಆಗಬೇಕು?" ಎಂದು ಅವರು ಕೇಳಿದಾಗ ನನಗೆ ಸಮಾಧಾನವಾಯಿತು. ಹೆಚ್ಚಿನವರು ಮೊದಲು ಕೇಳುವುದು "ಏನು ಹಚ್ಚಬೇಕು?" ಎಂದು. ಬೀದಿ ಸುತ್ತುವ ಹುಡುಗು ಬೆಕ್ಕಿಗೆ ಗಾಯವಾದರೆ ಕಾರಣ ಹುಡುಕಬೇಕಾಗಿಲ್ಲ, ಜಗಳವೋ ಮುಳ್ಳುತಂತಿಯೋ ಇರುತ್ತದೆ. ಮನೆ ಬಿಟ್ಟು ಹೋಗದ ಮುದಿ ಬೆಕ್ಕಿನ ಮೈಮೇಲೆ ಹುಣ್ಣು ಕಂಡರೆ ಅದರ ಹಿಂದೆ ಬೇರೇನೋ ಇದೆ ಎಂದೇ ನಾನು ಪರೀಕ್ಷೆ ಆರಂಭಿಸುತ್ತೇನೆ.

ಚಿನ್ನಿಯ ಕಾಲನ್ನು ಸಲೈನಿನಲ್ಲಿ ತೊಳೆದು ಅರಿಶಿನ ಹೋಗಲಾಡಿಸಲು ಹತ್ತು ನಿಮಿಷ ಹಿಡಿಯಿತು. ಅರಿಶಿನದ ಮೇಲೆ ನನಗಿರುವ ಮೊದಲ ದೂರು ಇದೇ: ಗಾಯದ ಅಂಚು ಕೆಂಪಗಿದೆಯೋ, ಬಿಳುಚಿದೆಯೋ, ಕಪ್ಪಾಗಿ ಸತ್ತಿದೆಯೋ ಎಂಬುದು ಅದರಡಿ ಕಾಣುವುದೇ ಇಲ್ಲ. ತೊಳೆದ ಮೇಲೆ ವಿಷಯ ಹೊರಬಿತ್ತು. ಹೆಬ್ಬೆರಳಿನ ಉಗುರು ಉಂಗುರದಂತೆ ಸುತ್ತಿಕೊಂಡು ತನ್ನದೇ ಬುಡದ ಮೆತ್ತೆಯೊಳಗೆ ಹೊಕ್ಕಿತ್ತು. ಅದನ್ನು ಕತ್ತರಿಸಿ ತುದಿಯನ್ನು ಚಿಮಟದಿಂದ ಮೆಲ್ಲಗೆ ಎಳೆದೆ. ಅಕ್ಕಿಕಾಳಿನಷ್ಟು ಉದ್ದದ ತುದಿ ಮಾಂಸದೊಳಗಿತ್ತು. ಹಿಂದೆಯೇ ಒಂದು ಹನಿ ಕೀವು, ಆಮೇಲೆ ರಕ್ತ. ಶಿಕ್ಷಕಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ದಿನಾ ನನ್ನ ಮಡಿಲಲ್ಲೇ ಮಲಗುತ್ತದೆ, ನನಗೆ ಕಾಣಲೇ ಇಲ್ಲವಲ್ಲ!"

ಅವರ ತಪ್ಪೇನೂ ಇರಲಿಲ್ಲ. ನೋವನ್ನು ಬಚ್ಚಿಡುವುದು ಬೆಕ್ಕಿನ ಹುಟ್ಟುಗುಣ. ಉಗುರಿನ ಹೊರಪದರ ಕಾಲಕಾಲಕ್ಕೆ ಸಿಪ್ಪೆಯಂತೆ ಕಳಚಬೇಕು. ಬೆಕ್ಕು ಸೋಫಾ, ಚಾಪೆ ಪರಚುವುದು ಅದಕ್ಕಾಗಿಯೂ ಹೌದು. ವಯಸ್ಸಾದಂತೆ ಕೀಲು ನೋಯುತ್ತದೆ, ಪರಚುವುದು ನಿಲ್ಲುತ್ತದೆ, ಉಗುರು ದಪ್ಪವಾಗಿ ಬಾಗುತ್ತದೆ. ಹೆಬ್ಬೆರಳು ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಅದರ ಉಗುರು ಸವೆಯುವ ಮಾತೇ ಇಲ್ಲ. ಆದ್ದರಿಂದ 10 ವರ್ಷ ದಾಟಿದ ಬೆಕ್ಕು ಕುಂಟಿದರೆ ಮೊದಲು ನಾಲ್ಕೂ ಪಾದಗಳ ಉಗುರು ನೋಡಿ.

ಉಗುರಲ್ಲದೆ ಇನ್ನೂ ಕೆಲವು ಕಾರಣಗಳು ಪದೇಪದೇ ನನ್ನ ಮೇಜಿಗೆ ಬರುತ್ತವೆ. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ, ಎಷ್ಟೇ ಅನ್ಯೋನ್ಯವಾಗಿದ್ದರೂ, ಕಚ್ಚಾಟ ಆಗಿರಬಹುದು. ಹಲ್ಲು ಊರಿದ ತೂತು ಸಾಸಿವೆಯಷ್ಟಿರುತ್ತದೆ, ಒಂದೆರಡು ದಿನದಲ್ಲಿ ಮೇಲೆ ಮುಚ್ಚಿಕೊಳ್ಳುತ್ತದೆ. ಒಳಗೆ ಕೀವು ತುಂಬಿ ನಾಲ್ಕೈದು ದಿನಕ್ಕೆ ಬಾವು ಒಡೆದಾಗಲೇ ಮನೆಯವರಿಗೆ ತಿಳಿಯುವುದು. ಚಿಗಟಗಳಿಂದ ಅಲರ್ಜಿಯಾದರೆ ಸೊಂಟದ ಮೇಲೆ, ಬಾಲದ ಬುಡದಲ್ಲಿ ಕೂದಲುದುರಿ ಸಣ್ಣ ಸಣ್ಣ ಹಕ್ಕಳೆಗಳಾಗುತ್ತವೆ.

ಬಿಳಿ ಬೆಕ್ಕು ವರ್ಷಾನುಗಟ್ಟಲೆ ಕಿಟಕಿಯಲ್ಲಿ ಬಿಸಿಲು ಕಾಯಿಸಿದ್ದರೆ ಕಿವಿಯ ಅಂಚು, ಮೂಗಿನ ತುದಿಯಲ್ಲಿ ಹಕ್ಕಳೆ ಕಟ್ಟಿ, ಉದುರಿ, ಮತ್ತೆ ಕಟ್ಟುವ ಹುಣ್ಣಿನ ಬಗ್ಗೆ ಎಚ್ಚರವಿರಲಿ. ಅದು ಚರ್ಮದ ಕ್ಯಾನ್ಸರ್ ಆಗಿರಬಹುದು. ಮೊದಲ ಹಂತದಲ್ಲೇ ಬಂದರೆ ಕಿವಿಯ ತುದಿಯನ್ನಷ್ಟೇ ತೆಗೆದು ಬೆಕ್ಕನ್ನು ಉಳಿಸಿಕೊಳ್ಳಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹಿರಿಯ ಹೆಣ್ಣು ಬೆಕ್ಕಿನ ಹೊಟ್ಟೆಯ ಮೇಲೆ ಒಡೆದ ಗಾಯ ಕಂಡರೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಅಡಿಯಲ್ಲಿ ಗಂಟು ಸಿಕ್ಕರೆ ಆ ದಿನವೇ ವೈದ್ಯರಲ್ಲಿಗೆ ಹೊರಡಿ. ಬೆಕ್ಕಿನ ಮೊಲೆಯ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರಿನವು. ಇಂಥ ಗಾಯಕ್ಕೆ ಎರಡು ತಿಂಗಳು ಮುಲಾಮು ಹಚ್ಚಿಕೊಂಡು ಕಾದು, ಕೊನೆಗೆ ಉಸಿರಾಟ ಕಷ್ಟವಾದಾಗ ತಂದ ಬೆಕ್ಕುಗಳನ್ನು ನಾನು ನೋಡಿದ್ದೇನೆ. ಶ್ವಾಸಕೋಶಕ್ಕೆ ಹರಡಿದ ಮೇಲೆ ನಾವು ಮಾಡಬಹುದಾದದ್ದು ತುಂಬ ಕಡಿಮೆ.

ಕತ್ತರಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮುದಿ ಬೆಕ್ಕು ಬೆನ್ನಿನ ಹಿಂಭಾಗ ನೆಕ್ಕಿಕೊಳ್ಳಲಾರದೆ ಕೂದಲು ಜಡೆಗಟ್ಟುತ್ತದೆ. ಪರ್ಷಿಯನ್ ಬೆಕ್ಕುಗಳಲ್ಲಂತೂ ಕೇಳುವುದೇ ಬೇಡ. ಆ ಜಡೆಯನ್ನು ಎತ್ತಿ ಹಿಡಿದರೆ ಅಡಿಯ ಚರ್ಮವೂ ಡೇರೆಯಂತೆ ಮೇಲೇಳುತ್ತದೆ, ಕತ್ತರಿ ಆಡಿಸಿದರೆ ಕೂದಲ ಜೊತೆ ಚರ್ಮವೂ ಬರುತ್ತದೆ. ಹತ್ತು ರೂಪಾಯಿ ನಾಣ್ಯದಷ್ಟು ಚರ್ಮ ಹೀಗೆ ಹೋದ ಬೆಕ್ಕಿಗೆ ನಾನು ಹೊಲಿಗೆ ಹಾಕಿದ್ದೇನೆ. ಅದನ್ನು ತಂದ ಯುವಕ ಬೆಕ್ಕಿಗಿಂತ ಹೆಚ್ಚು ನಡುಗುತ್ತಿದ್ದ. ಜಡೆ ತೆಗೆಯಲು ವಿದ್ಯುತ್ ಟ್ರಿಮ್ಮರ್ ಬೇಕು, ಜೊತೆಗೆ ಇನ್ನೊಬ್ಬರ ಕೈ ಬೇಕು.

ಇನ್ನು, ಏನು ಹಚ್ಚಬೇಕು? ನನ್ನ ಉತ್ತರ ಹಲವರಿಗೆ ನಿರಾಸೆ ತರುತ್ತದೆ: ಮೊದಲ ದಿನ ತೊಳೆಯುವುದೊಂದೇ ಸಾಕು. ಬೆಕ್ಕಿನ ಚರ್ಮಕ್ಕೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ, ಚಿನ್ನಿಯ ನಾಲಿಗೆ ಹಳದಿಯಾದಂತೆ. ನಮ್ಮ ಯಕೃತ್ತು ಸಲೀಸಾಗಿ ಹೊರಹಾಕುವ ಎಷ್ಟೋ ರಾಸಾಯನಿಕಗಳನ್ನು ಒಡೆಯುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ದ್ರವ ಬೆಕ್ಕಿಗೆ ವಿಷ. ಫಿನೈಲೂ ಹಾಗೆಯೇ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೀಟಾಣುಗಳ ಜೊತೆಗೆ ಹೊಸದಾಗಿ ಚಿಗುರುತ್ತಿರುವ ಮಾಂಸವನ್ನೂ ಸುಡುತ್ತವೆ. ಮಳೆಗಾಲದಲ್ಲಿ ಗಾಯಕ್ಕೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ, ಒಂದೇ ದಿನದಲ್ಲಿ ಮರಿಹುಳುಗಳು ಕಾಣುತ್ತವೆ. ಆಗ ಹಳ್ಳಿಯ ಕಡೆ ದನಕ್ಕೆ ಮಾಡಿದಂತೆ ಟರ್ಪೆಂಟೈನ್ ಸುರಿಯುವುದು, ನುಸಿಗುಳಿಗೆ ಪುಡಿ ಮಾಡಿ ತುಂಬುವುದು ಉಂಟು. ದನದ ಮೈಗೆ ಹೊಂದಿದ್ದು ನಾಲ್ಕು ಕಿಲೋ ತೂಕದ ಬೆಕ್ಕಿಗೆ ಪ್ರಾಣಕ್ಕೇ ಬರುತ್ತದೆ. ಹುಳು ಬಿದ್ದಿದ್ದರೆ ಗಾಯದ ಮೇಲೆ ಒದ್ದೆ ಬಟ್ಟೆ ಮುಚ್ಚಿ ನೇರವಾಗಿ ವೈದ್ಯರಲ್ಲಿಗೆ ತನ್ನಿ. ಅವುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯಬೇಕು, ಅಡ್ಡದಾರಿ ಇಲ್ಲ. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಔಷಧವೂ ಬೆಕ್ಕಿನ ಹತ್ತಿರ ಸುಳಿಯಬಾರದು, ನಡುಕ ಹತ್ತಿ ಸೆಳವು ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಪ್ಯಾರಸಿಟಮಾಲ್. "ಪಾಪ, ನೋವಾಗುತ್ತಿದೆ" ಎಂದು ಪ್ರೀತಿಯಿಂದಲೇ ಕೊಡುತ್ತಾರೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ. ಎಷ್ಟು ಗಂಟೆಗೆ, ಎಷ್ಟು ಕೊಟ್ಟಿರಿ ಎಂಬುದನ್ನು ಫೋನಿನಲ್ಲೇ ಹೇಳಿಕೊಂಡು ಓಡಿ ಬನ್ನಿ. ಯಾವ ವೈದ್ಯರೂ ನಿಮ್ಮನ್ನು ಬೈಯಲು ಹೊತ್ತು ಕಳೆಯುವುದಿಲ್ಲ.

ತೊಳೆಯುವ ಕ್ರಮ ಹೀಗೆ. ಔಷಧದಂಗಡಿಯಲ್ಲಿ ಸಿಗುವ ಸಲೈನ್ ಬಾಟಲಿ ಉತ್ತಮ. ಇಲ್ಲದಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು. ಉಗುರುಬೆಚ್ಚಗಿರಲಿ, ತಣ್ಣೀರು ಬಿದ್ದರೆ ಬೆಕ್ಕು ಸಿಡಿಯುತ್ತದೆ. ದೊಡ್ಡ ಟವೆಲಿನಲ್ಲಿ ಕುತ್ತಿಗೆಯವರೆಗೆ ಸುತ್ತಿ, ಗಾಯವಾದ ಭಾಗವನ್ನಷ್ಟೇ ಹೊರಗೆ ಬಿಡಿ. ಸೂಜಿ ತೆಗೆದ 20 ಮಿಲಿಲೀಟರ್ ಸಿರಿಂಜಿನಿಂದ ನೀರನ್ನು ಮೆಲ್ಲಗೆ ಹರಿಸಿ. ಒರೆಸಲು ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಗಾಜ್ ಬಟ್ಟೆಯನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಪೊವಿಡೋನ್ ಅಯೋಡಿನ್ ಬಳಸಲು ವೈದ್ಯರು ಹೇಳಿದ್ದರೆ, ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಈ ನಡುವೆ ಬೆಕ್ಕು ನಿಮ್ಮನ್ನು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ತೋರಿಸಿ. ಮನೆಯೊಳಗಿನ ಬೆಕ್ಕಿಗೂ ರೇಬಿಸ್ ಲಸಿಕೆ ಬೇಕು ಎಂದು ನಾನು ಹೇಳುವುದು ಇಂಥ ಹೊತ್ತಿಗಾಗಿ.

ಆಮೇಲೆ ನೆಕ್ಕದಂತೆ ತಡೆಯಬೇಕು. "ನೆಕ್ಕಿದರೆ ಬೇಗ ವಾಸಿಯಾಗುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಕೊಕ್ಕೆಗಳಿವೆ, ತುರಿಯುವ ಮಣೆಯಂತೆ. ನಿನ್ನೆ ಬೆಳೆದ ಹೊಸ ಚರ್ಮವನ್ನು ಅದು ಇಂದು ಕಿತ್ತು ತೆಗೆಯುತ್ತದೆ. ಬಾಯಿ ಗಾಯಕ್ಕೆ ತಲುಪದಂತೆ ಕುತ್ತಿಗೆಗೆ ಕಟ್ಟುವ ಕೋನ್ ಹಾಕಿದರೆ ಬೆಕ್ಕು ಮೊದಲ ದಿನ ಹಿಂದಕ್ಕೆ ನಡೆಯುತ್ತದೆ, ಗೋಡೆಗೆ ತಾಗುತ್ತದೆ. ಆ ಪಾಡು ನೋಡಲಾರದೆ ಮನೆಯವರು ರಾತ್ರಿ ಬಿಚ್ಚುತ್ತಾರೆ, ಬೆಳಗಾಗುವಷ್ಟರಲ್ಲಿ ಗಾಯ ಎರಡರಷ್ಟಾಗಿರುತ್ತದೆ. ಬಟ್ಟೆಯ ಮೆತ್ತನೆಯ ಕೋನ್ ಸಿಗುತ್ತದೆ. ಹೊಟ್ಟೆ ಬೆನ್ನಿನ ಗಾಯವಾದರೆ ಕೂಸಿನ ಹಳೆಯ ಅಂಗಿಗೆ ನಾಲ್ಕು ತೂತು ಮಾಡಿ ತೊಡಿಸಬಹುದು. ಕಾಲಿಗೆ ಮಾತ್ರ ನೀವೇ ಬ್ಯಾಂಡೇಜ್ ಬಿಗಿಯಬೇಡಿ. ಬಿಗಿಯಾದರೆ ಬೆರಳುಗಳು ಊದಿ, ರಕ್ತ ಓಡದೆ, ಪಾದವನ್ನೇ ಕಳೆದುಕೊಳ್ಳಬಹುದು.

ಬೆಕ್ಕಿನ ಚರ್ಮ ನಾಯಿಯದಕ್ಕಿಂತ ನಿಧಾನವಾಗಿ ಕೂಡಿಕೊಳ್ಳುತ್ತದೆ. ಹೊಲಿಗೆ ಹಾಕಿದ ಏಳನೆಯ ದಿನ ನಾಯಿಯ ಗಾಯಕ್ಕೆ ಬಂದಿರುವ ಬಲದ ಸುಮಾರು ಅರ್ಧದಷ್ಟೇ ಬೆಕ್ಕಿನದಕ್ಕೆ ಬಂದಿರುತ್ತದೆ. ವಯಸ್ಸು, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಸೇರಿದರೆ ಇನ್ನೂ ನಿಧಾನ. ದಿನವೂ ಒಂದೇ ಹೊತ್ತಿಗೆ, ಗಾಯದ ಪಕ್ಕ ಒಂದು ನಾಣ್ಯ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನಾಣ್ಯದ ಅಳತೆಯಿಂದ ತಿಳಿಯುತ್ತದೆ. ವಾರ ಕಳೆದರೂ ಕುಗ್ಗದ ಗಾಯ, ವಾಸನೆ, ಅಂಚು ಕಪ್ಪಾಗುವುದು, ಬೆಕ್ಕು ಮೂಲೆ ಸೇರಿ ಒಂದು ದಿನ ಊಟ ಬಿಡುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಬೊಜ್ಜು ಬೆಕ್ಕು ಎರಡು ಮೂರು ದಿನ ಉಣ್ಣದಿದ್ದರೆ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗಿ ಗಾಯಕ್ಕಿಂತ ದೊಡ್ಡ ಕಾಯಿಲೆ ಹುಟ್ಟುತ್ತದೆ.

ಊಟದ ಮಾತು ಬಂದಾಗ ಶಿಕ್ಷಕಿ ಸ್ವಲ್ಪ ತಡೆದು, "ನಮ್ಮದು ಸಸ್ಯಾಹಾರಿ ಮನೆ. ಹಾಲನ್ನ, ಮೊಸರನ್ನ ತಿಂದುಕೊಂಡೇ ಬೆಳೆದಿದೆ" ಎಂದರು. ಈ ಮಾತು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಬೆಕ್ಕಿಗೆ ಪ್ರಾಣಿಮೂಲದ ಪ್ರೋಟೀನು ಬೇಕೇಬೇಕು. ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಹೊಸ ಚರ್ಮ ನೇಯಲು ಮೊಸರನ್ನದಲ್ಲಿರುವ ಪ್ರೋಟೀನು ಸಾಲುವುದಿಲ್ಲ. ಅಡುಗೆಮನೆಯ ಮಡಿಗೆ ಭಂಗವಾಗದಂತೆ ಬೆಕ್ಕಿನ ಸಿದ್ಧ ಆಹಾರವನ್ನು ಜಗುಲಿಯಲ್ಲಿ ಬೇರೆ ತಟ್ಟೆಯಲ್ಲಿ ಇಡಬಹುದು. ಅವರು ಒಪ್ಪಿದರು.

ಚಿನ್ನಿಯ ಬೆನ್ನಿನ ಚರ್ಮ ಎತ್ತಿ ಬಿಟ್ಟಾಗ ಮಡಿಕೆ ಹಾಗೇ ನಿಂತಿತು. ಮುದಿ ಬೆಕ್ಕಿನಲ್ಲಿ ಇದೊಂದನ್ನೇ ನಂಬಿ ನಿರ್ಜಲೀಕರಣ ಎನ್ನಲಾಗದು, ಚರ್ಮ ಹೇಗೂ ಸಡಿಲವಾಗಿರುತ್ತದೆ. ಆದರೆ ಒಸಡೂ ಅಂಟಂಟಾಗಿತ್ತು. ಎರಡು ತಿಂಗಳಿಂದ ಅದು ನೀರು ಹೆಚ್ಚು ಕುಡಿಯುತ್ತಿದೆ ಎಂಬುದು ನಾನು ಕೇಳಿದ ಮೇಲೆ ಅವರಿಗೆ ನೆನಪಾಯಿತು. ರಕ್ತ ಪರೀಕ್ಷೆಯಲ್ಲಿ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ಏರಿತ್ತು, ಮೂತ್ರಪಿಂಡ ದಣಿಯತೊಡಗಿತ್ತು. ಹಾಗಾಗಿ ನೋವಿನ ಔಷಧವನ್ನು ಲೆಕ್ಕ ಹಾಕಿ ಆರಿಸಬೇಕಾಯಿತು. ಕೀವಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟು, ನುಂಗಿಸಿದ ಮೇಲೆ ಸಿರಿಂಜಿನಲ್ಲಿ ಐದಾರು ಮಿಲಿಲೀಟರ್ ನೀರು ಕುಡಿಸಲೇಬೇಕೆಂದು ಎರಡು ಬಾರಿ ಹೇಳಿದೆ. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗಿ, ನಾಳವೇ ಕಿರಿದಾಗುತ್ತದೆ.

ಹನ್ನೆರಡನೆಯ ದಿನಕ್ಕೆ ಮೆತ್ತೆಯ ತೂತು ಮುಚ್ಚಿತ್ತು. ಈಗ ಮೂರು ವಾರಕ್ಕೊಮ್ಮೆ ಅವರ ಮೊಮ್ಮಗಳು ಚಿನ್ನಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಾಳೆ, ಅಜ್ಜಿ ಕನ್ನಡಕ ಏರಿಸಿಕೊಂಡು ಉಗುರು ಕತ್ತರಿಸುತ್ತಾರೆ. ಹೆಬ್ಬೆರಳಿನದು ಮೊದಲು.