ರಾಯಚೂರು ಕದನ: ಮುಂದಿನ ಸಾಲು ಮುರಿದ ಮೇಲೆ ಏನಾಯ್ತು?

'ಮಹಾನ್ ಸೇನಾನಿಯ ಗುಣಗಳನ್ನು ಉದಾಹರಣೆ ಸಹಿತ ಚರ್ಚಿಸಿ' ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವೆಲ್ಲ ಧೈರ್ಯ, ಶಿಸ್ತು, ದೂರದೃಷ್ಟಿ ಅಂತ ಪಟ್ಟಿ ಬರೆದು ಮುಗಿಸುತ್ತೇವೆ. ಆ ಪಟ್ಟಿ ಗೆದ್ದವನಿಗೂ ಹೊಂದುತ್ತದೆ, ಸೋತವನಿಗೂ ಹೊಂದುತ್ತದೆ. ಅದಕ್ಕೇ ಇಲ್ಲಿ ಒಂದೇ ಕದನ ಹಿಡಿದಿದ್ದೇನೆ, ನಮ್ಮ ರಾಯಚೂರಿನದು. ಕೋಟೆ ಊರ ನಡುವೆಯೇ ಇದೆ, ಆದರೂ ಇದರ ಬಗ್ಗೆ ನಾವು ಬರೆಯುವುದು ಎರಡೇ ಸಾಲು.

ಹಿನ್ನೆಲೆ ಬೇಗ ಮುಗಿಸೋಣ. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ದೋಆಬ್‌ಗಾಗಿ (ಎರಡು ಹೊಳೆಗಳ ನಡುವಿನ ನೆಲ) ಮೊದಲು ಬಹಮನಿಗಳು, ಆಮೇಲೆ ಬಿಜಾಪುರದವರು ವಿಜಯನಗರದ ಜೊತೆ ಕಿತ್ತಾಡುತ್ತಲೇ ಇದ್ದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಅದನ್ನು ಬಿಡಿಸಲು ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆಯ ದಂಡೆಗೆ ಬಂದ. ವಿವರವೆಲ್ಲ ಹೆಚ್ಚಾಗಿ ಸಿಗುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟದ್ದರಲ್ಲಿ. ಅವನು ವಿಜಯನಗರದಲ್ಲಿದ್ದದ್ದು ಕದನ ಆಗಿ ಹದಿನೈದು ವರ್ಷದ ಆಸುಪಾಸಿನಲ್ಲಿ, ಅಂದರೆ ಕೇಳಿ ಬರೆದ ಮಾತು. ವರ್ಷವನ್ನು ಅವನು 1522 ಅಂತಾನೆ. ವಾರ ಮತ್ತು ಚಂದ್ರನ ಲೆಕ್ಕ ತಾಳೆ ಹಾಕಿ ಅದನ್ನು 1520ರ ಮೇ 19ಕ್ಕೆ ತಂದವನು ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್. ಪರೀಕ್ಷೆಗೆ 1520 ಸಾಕು. ರಾಯನ ಕಾಲಾಳು ಏಳು ಲಕ್ಷ ಅಂತ ನ್ಯೂನಿಜ್ ಬರೆದಿರುವುದನ್ನು ಮಾತ್ರ ಹಾಗೇ ಇಳಿಸಬೇಡಿ. ಮೇ ತಿಂಗಳ ರಾಯಚೂರಿನಲ್ಲಿ ಅಷ್ಟು ಬಾಯಿಗೆ ನೀರು ಎಲ್ಲಿಂದ ತರೋದು, ಅಲ್ವಾ?

ಈಗ ತಲೆಕೆಡಿಸುವ ಜಾಗ. ರಾಯನ ಮುಂದಿನ ಪಡೆ ಮುರಿದು ಓಡಿತು ಅಂತ ಅದೇ ನ್ಯೂನಿಜ್ ಹೇಳುತ್ತಾನೆ. ಹಾಗಾದರೆ ಗೆದ್ದದ್ದು ಹೇಗೆ? ಸುಮ್ನೆ 'ರಾಜನ ಶೌರ್ಯದಿಂದ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ನಿಧಾನವಾಗಿ ನೋಡೋಣ.

ಆದಿಲ್ ಶಾ ಹೊಳೆ ದಾಟಿ ಈಚೆ ಬಂದು, ಹೊಳೆಯನ್ನು ಬೆನ್ನಿಗಿಟ್ಟುಕೊಂಡು, ಮುಂದೆ ಕಂದಕ ತೋಡಿ ಬೀಡುಬಿಟ್ಟ. ನೀರು ಹತ್ತಿರ, ತೋಪುಗಳಿಗೆ ಮರೆ. ಅಲ್ಲಿಯವರೆಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು. ರಾಯನ ಮುಂಚೂಣಿ ಕಂದಕದ ಮೇಲೆ ಬಿದ್ದಾಗ ತೋಪುಗಳೆಲ್ಲ ಒಟ್ಟಿಗೇ ಸಿಡಿದವು. ತುಂಬಾ ಜನ ಸತ್ತರು, ಉಳಿದವರು ಹಿಂದಕ್ಕೆ ಓಡಿದರು. ಬಿಜಾಪುರದವರು ಗೆದ್ದೆವು ಅಂದುಕೊಂಡು ಕಂದಕ ಬಿಟ್ಟು ಹೊರಬಂದು ಬೆನ್ನಟ್ಟಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಬೆನ್ನಟ್ಟಿದ ಕೂಡಲೇ ಅವರ ಮೂರು ಬಲ ಕೈಬಿಟ್ಟವು. ಕಂದಕದ ಮರೆ ಹಿಂದೆ ಉಳಿಯಿತು. ಸಾಲು ಚದುರಿತು. ಮೂರನೆಯದು ಜಾಸ್ತಿ ಮುಖ್ಯ: ತೋಪು ಸುಮ್ಮನಾಯಿತು. ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ತುಂಬಿದರೂ ಎದುರಿಗೆ ಇದ್ದವರು ತಮ್ಮದೇ ಸವಾರರು. ಹೊಡೆಯುವುದು ಯಾರಿಗೆ? ಅದೇ ಹೊತ್ತಿನಲ್ಲಿ ರಾಯನ ಬಳಿ ಇನ್ನೂ ಕಾದಾಡದ ಪಡೆಗಳಿದ್ದವು. ಅವನ್ನು ಕರೆದುಕೊಂಡು ಅವನೇ ಕುದುರೆ ಹತ್ತಿ ಮುಂದೆ ನುಗ್ಗಿದ. ಚದುರಿದ್ದ ಬಿಜಾಪುರದವರು ತಿರುಗಿ ಓಡಿ ತಮ್ಮ ಕಂದಕದಲ್ಲೂ ನಿಲ್ಲಲಾಗದೆ ಹೊಳೆಗೆ ಬಿದ್ದರು. ಬೆಳಿಗ್ಗೆ ನೀರು ಕೊಟ್ಟ ಕೃಷ್ಣೆ ಈಗ ದಾರಿಗೆ ಅಡ್ಡ. ಆದಿಲ್ ಶಾ ಆನೆ ಹತ್ತಿ ಪಾರಾದ.

ಇದು ಬೇಕಂತಲೇ ಮಾಡಿದ ಬಲೆಯಾ? ಹಾಗೆ ಬರೆಯಬೇಡಿ. ಕ್ರಿ.ಪೂ. 216ರ ಕ್ಯಾನೆ ಕದನದಲ್ಲಿ ಕಾರ್ಥೇಜಿನ ಸೇನಾನಿ ಹ್ಯಾನಿಬಲ್ ತನ್ನ ನಡುಸಾಲನ್ನು ಲೆಕ್ಕ ಹಾಕಿಯೇ ಹಿಂದೆ ಸರಿಯಲು ಬಿಟ್ಟು ರೋಮನ್ನರನ್ನು ಎರಡೂ ಬದಿಯಿಂದ ಸುತ್ತುಗಟ್ಟಿದ. ರಾಯಚೂರಿನಲ್ಲಿ ಸಾಲು ನಿಜವಾಗಿಯೇ ಮುರಿದಿತ್ತು. ರಾಯ ತನ್ನ ಉಂಗುರ ತೆಗೆದು ಸೇವಕನ ಕೈಗೆ ಕೊಟ್ಟು, ತಾನು ಸತ್ತರೆ ರಾಣಿಯರಿಗೆ ಗುರುತಾಗಲಿ ಅಂದನಂತೆ. ಓಡಿಬರುವ ನಮ್ಮವರನ್ನೂ ಕಡಿಯಿರಿ ಅಂತ ಆಜ್ಞೆ ಮಾಡಿದನಂತೆ. ಬಲೆ ಹೂಡಿದವನ ಮಾತು ಹೀಗಿರುವುದಿಲ್ಲ. ನನ್ನ ಮಟ್ಟಿಗೆ ಅವನ ದೊಡ್ಡತನ ಕೂಡ ಇಲ್ಲೇ ಇದೆ. ಹ್ಯಾನಿಬಲ್ ಮೊದಲೇ ಯೋಚಿಸಿದ್ದ, ಇವನು ಕೆಟ್ಟ ಮೇಲೆ ಯೋಚಿಸಿದ. ಆದರೆ ಕೆಟ್ಟ ಮೇಲೆ ಯೋಚಿಸಲು ಕೈಯಲ್ಲಿ ಮೀಸಲು ಪಡೆ ಇರಬೇಕು. ಎಲ್ಲವನ್ನೂ ಮೊದಲ ಏಟಿಗೇ ಸುರಿದಿದ್ದರೆ ಉಂಗುರ ರಾಣಿಯರಿಗೆ ತಲುಪುತ್ತಿತ್ತು, ಅಷ್ಟೇ.

'ಪೋರ್ಚುಗೀಸರು ಗೆಲ್ಲಿಸಿಕೊಟ್ಟರು' ಅಂತ ಕೆಲವು ನೋಟ್ಸ್‌ನಲ್ಲಿ ಇರುತ್ತದೆ. ಎರಡು ಘಟ್ಟ ಬೇರೆ ಮಾಡಿಕೊಳ್ಳಿ. ಕ್ರಿಸ್ಟೋವಾವ್ ಡಿ ಫಿಗೆರೆಡೊ ತನ್ನ 20 ಬಂದೂಕಿನವರ ಜೊತೆ ನೆರವಾದದ್ದು ಕೋಟೆಯ ಮುತ್ತಿಗೆಯಲ್ಲಿ. ಗೋಡೆ ಮೇಲೆ ತಲೆ ಎತ್ತಿದವರನ್ನು ಅವರು ಹೊಡೆದರು, ಕೆಳಗೆ ರಾಯನ ಜನ ಕಲ್ಲು ಕಿತ್ತರು. ಹೊಳೆದಂಡೆಯ ಕದನದಲ್ಲಿ ಆದಿಲ್ ಶಾ ಕಡೆಯೂ ಪೋರ್ಚುಗೀಸರು ಇದ್ದರು. ಅವನ ಸರದಾರ ಸಲಾಬತ್ ಖಾನ್ ಜೊತೆ ಕೊನೆಯವರೆಗೆ ನಿಂತವರು ಅವರೇ.

ಗೆದ್ದ ಮೇಲಿನ ನಡತೆಗೂ ಒಂದು ಅಂಕ ಇಟ್ಟುಕೊಳ್ಳಿ. ಹೊಳೆಯಲ್ಲಿ ಕೊಲೆ ಅತಿಯಾದಾಗ ರಾಯ ನಿಲ್ಲಿಸಿದ. ಕೋಟೆ ಶರಣಾದ ಮೇಲೆ ಊರಿನವರ ಆಸ್ತಿ ಮುಟ್ಟಬಾರದು ಅಂದ. ಆಮೇಲೆ ಅದೇ ಮನುಷ್ಯ, ಆದಿಲ್ ಶಾ ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಆಗ ಸಂಧಿ ಅಂತ ಹಟ ಹಿಡಿದ. ಸೇನಾನಿಯಾಗಿ ಗಳಿಸಿದ್ದನ್ನು ರಾಜನಾಗಿ ಕೆಡಿಸಿಕೊಂಡ ಅಂತ ನಾನು ಬರೆಯುತ್ತೇನೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬಿಡಿ.

1565ರ ಜನವರಿ 23ರ ರಕ್ಕಸತಂಗಡಿ (ತಾಳಿಕೋಟೆ) ಕದನವನ್ನು ಇದರ ಪಕ್ಕದಲ್ಲೇ ಓದಿ. ಅಲ್ಲೂ ಕೃಷ್ಣೆಯ ಸೀಮೆ, ಅಲ್ಲೂ ವಿಜಯನಗರದ ದೊಡ್ಡ ಸೇನೆ. ಆದರೆ ಅದನ್ನು ನಡೆಸುತ್ತಿದ್ದ ಮುದುಕ ರಾಮರಾಯ ಸೆರೆಯಾಗಿ ತಲೆ ಹೋದ ಕೂಡಲೇ ಸೇನೆ ಕರಗಿತು, ಅವನ ಜಾಗಕ್ಕೆ ನಿಂತು ಕೂಡಿಸುವವರು ಯಾರೂ ಇರಲಿಲ್ಲ. 1520ರಲ್ಲಿ ಬಿಜಾಪುರದವರು ತಮ್ಮ ತೋಪಿನ ಮುಂದೆ ತಾವೇ ಅಡ್ಡ ಬಂದಿದ್ದರು. ಈ ಸಲ ಒಟ್ಟಾಗಿ ಬಂದಿದ್ದ ದಖನ್ನಿನ ಸುಲ್ತಾನರ ತೋಪಿನವರು ಶತ್ರು ತೀರಾ ಹತ್ತಿರ ಬರುವವರೆಗೆ ಕಾದು, ತಾಮ್ರದ ನಾಣ್ಯ ತುಂಬಿ ಹೊಡೆದರು ಅಂತ ಪರ್ಷಿಯನ್ ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ.